ಹರಿಗೋಲೋ? ಯಂತ್ರದ ದೋಣಿಯೋ?

ರಜೆ ಬಂತೆಂದರೆ ಮಕ್ಕಳುಮರಿಗಳೊಂದಿಗೆ ಬುತ್ತಿ ಕಟ್ಟಿಕೊಂಡು ಹೊಳೆಯ ದಡಕ್ಕೆ ಹೋಗುವುದು ನಮ್ಮ ನಾಡಿನ ಹಳೆಯ ರೂಢಿ. ಆನೆಗೊಂದಿ, ಸಾಣಾಪುರ, ಹೊಗೇನಕಲ್‌ಗೆ ಹೋದವರು ಬಿದಿರಿನ ದುಂಡು ಹರಿಗೋಲಿನಲ್ಲಿ ಗಿರಗಿರನೆ ತಿರುಗಿ ನಗುತ್ತಾರೆ. ಅಣೆಕಟ್ಟಿನ ಹಿನ್ನೀರಿಗೆ ಹೋದವರು ಯಂತ್ರದ ದೋಣಿಯಲ್ಲಿ ನೀರು ಸೀಳಿಕೊಂಡು ಸುತ್ತಿ ಬರುತ್ತಾರೆ. ಇವೆರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ಹೆಚ್ಚಿನವರು ಯಂತ್ರದ ದೋಣಿಯನ್ನೇ ತೋರಿಸಿಯಾರು. ಹರಿಗೋಲು ಎಂದರೆ ಹಿಂದುಳಿದ ಕಾಲದ ಉಳಿಕೆ ಎಂಬ ಭಾವನೆ ಅಷ್ಟು ಆಳವಾಗಿ ಬೇರೂರಿದೆ. ಆದರೆ ಲಿಂಗಸುಗೂರು ಸೀಮೆಯ ಕೃಷ್ಣೆ ಬೇರೆಯೇ ಉತ್ತರ ಕೊಡುತ್ತಾಳೆ.

ಲಿಂಗಸುಗೂರು ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಹರಿಯುವ ಕೃಷ್ಣೆ ಸೌಮ್ಯಳಲ್ಲ. ದಖ್ಖನ್ ಪ್ರಸ್ಥಭೂಮಿಯಿಂದ ರಾಯಚೂರು, ಸುರಪುರ ಬಯಲಿಗೆ ಇಳಿಯುವ ಆಕೆ ಜಲದುರ್ಗದ ಬಳಿ ಮೂರು ಮೈಲಿಗಳಷ್ಟು ದೂರದಲ್ಲಿಯೇ ಸುಮಾರು 400 ಅಡಿ ಕೆಳಗೆ ಬೀಳುತ್ತಾಳೆಂದು ಬ್ರಿಟಿಷರ ಕಾಲದ ಗೆಜೆಟಿಯರು ದಾಖಲಿಸಿದೆ. ಬಂಡೆಗಳನ್ನು ಬಳಸಿ, ಹಲವು ಕವಲುಗಳಾಗಿ ಒಡೆದು ಮತ್ತೆ ಕೂಡುವ ನದಿಯ ನಡುವೆ ನಡುಗಡ್ಡೆಗಳು ಎದ್ದಿವೆ. ಕಡದರಗಡ್ಡಿ, ಕರಕಲಗಡ್ಡಿ ಮುಂತಾದ ಊರುಗಳ ಹೆಸರಿನಲ್ಲಿಯೇ ಆ ‘ಗಡ್ಡಿ’ ಉಳಿದಿದೆ. ಜಲದುರ್ಗದ ಕೋಟೆ ನಿಂತಿರುವುದೂ ಇಂಥದೇ ನಡುಗಡ್ಡೆಯ ಮೇಲೆ. ನದಿಯೇ ಅದಕ್ಕೆ ಕಂದಕವಾದುದರಿಂದ ಬಹಮನಿ, ಆದಿಲಶಾಹಿ ಅರಸರು ಅದನ್ನು ಜತನದಿಂದ ಕಾಯ್ದುಕೊಂಡರು.

ಇಂಥ ನೀರಿನಲ್ಲಿ ಉದ್ದನೆಯ ದೋಣಿ ನಡೆಯುವುದು ಕಷ್ಟ. ಉದ್ದನೆಯ ದೋಣಿಯ ಬಲವೆಲ್ಲ ಅದರ ಮೂತಿ ಮತ್ತು ಅಡಿಯ ಏಣಿನಲ್ಲಿದೆ. ಮೂತಿ ನೀರನ್ನು ಸೀಳುತ್ತದೆ, ಏಣು ಅದನ್ನು ನೇರ ದಾರಿಯಲ್ಲಿ ಹಿಡಿದಿಡುತ್ತದೆ. ಆದರೆ ಅದಕ್ಕೆ ಆಳ ಬೇಕು. ಮೊಣಕಾಲುದ್ದದ ನೀರಿನಲ್ಲಿ ಅಡಗಿದ ಬಂಡೆಗೆ ತಾಗಿದರೆ ಹಲಗೆ ಬಿರಿಯುತ್ತದೆ. ಸೆಳವಿಗೆ ಅಡ್ಡಲಾಗಿ ಸಿಕ್ಕಿದರೆ ನೀರು ಅದರ ಉದ್ದನೆಯ ಪಕ್ಕೆಯನ್ನು ಒತ್ತಿ ಮಗುಚಲು ನೋಡುತ್ತದೆ.

ಹರಿಗೋಲಿಗೆ ಹಿಂದುಮುಂದು ಎಂಬುದಿಲ್ಲ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ಹಸಿ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ತಳ ಚಪ್ಪಟೆಯಾದ್ದರಿಂದ ಅಷ್ಟಿಷ್ಟು ನೀರಿದ್ದರೂ ತೇಲುತ್ತದೆ. ಬಂಡೆ ತಾಗಿದರೆ ಬಿದಿರು ಬಾಗಿ, ಹರಿಗೋಲು ತಿರುಗಿ ಪಕ್ಕಕ್ಕೆ ಜಾರುತ್ತದೆ. ನೋಡುವವರಿಗೆ ಆಟದಂತೆ ಕಾಣುವ ಈ ತಿರುಗಾಟವೇ ಅದರ ರಕ್ಷಣೆ. ನೇರವಾಗಿ ಹೋಗಲಾರದೆಂಬುದು ಅದರ ದೋಷವೂ ಹೌದು. ಸೆಳವು ಕೆಳಗೆ ಎಳೆಯುವುದರಿಂದ ಅಂಬಿಗ ತಾನು ಮುಟ್ಟಬೇಕಾದ ಜಾಗಕ್ಕಿಂತ ಸಾಕಷ್ಟು ಮೇಲಿನಿಂದಲೇ ಹೊರಡಬೇಕು. ಆಚೆ ದಡ ಸೇರಿದ ಮೇಲೆ ಹರಿಗೋಲನ್ನು ಬೆನ್ನಿಗೆ ಹೊತ್ತು ನದಿಯ ಗುಂಟ ಮೇಲಕ್ಕೆ ನಡೆಯಬೇಕು.

ಇದು ಇಂದಿನ ಮಾತಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ರಾಜಧಾನಿಯಿಂದ ಆನೆಗೊಂದಿಗೆ ದಾಟುವ ಬುಟ್ಟಿಯಾಕಾರದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ; ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ; ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದು; ಹುಟ್ಟು ಹಾಕಿದಂತೆ ಅವು ಸುತ್ತುತ್ತಲೇ ಇರುತ್ತವೆ ಎಂಬುದು ಅವನ ವರ್ಣನೆ. ಈ ರಾಜ್ಯದ ಹೊಳೆಗಳಲ್ಲಿ ಬೇರೆ ಬಗೆಯ ದೋಣಿಯೇ ಇಲ್ಲವೆಂದೂ ಅವನು ಹೇಳುತ್ತಾನೆ. ಕಡಲು ದಾಟಿ ಬಂದವನಿಗೆ ಅದು ಸೋಜಿಗವೆನಿಸಿದ್ದರೆ ಆಶ್ಚರ್ಯವಿಲ್ಲ.

ಅದೇ 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲಶಹನಿಗೂ ರಾಯಚೂರಿಗಾಗಿ ಯುದ್ಧ ನಡೆಯಿತು. ಸಾಕಷ್ಟು ತೆಪ್ಪಗಳು ಸಿದ್ಧವಾಗುವ ಮೊದಲೇ ಸುಲ್ತಾನನು ಆತುರಪಟ್ಟು ಆನೆಯ ಮೇಲೆ ಕೃಷ್ಣೆಯನ್ನು ದಾಟಿದನೆಂದು ಇತಿಹಾಸಕಾರ ಫೆರಿಸ್ತಾ ಬರೆಯುತ್ತಾನೆ. ಸೋತು ಹಿಂದಿರುಗುವಾಗ ಅವನ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಹೊಳೆಯ ಪಾಲಾದರು. ದೋಆಬಿನ ಯುದ್ಧಗಳಲ್ಲಿ ಕತ್ತಿಯಷ್ಟೇ ದಾಟುವ ಸಾಧನವೂ ಮುಖ್ಯವಾಗಿತ್ತು ಎಂಬುದಕ್ಕೆ ಇದೊಂದು ನಿದರ್ಶನ. ಫೆರಿಸ್ತಾನ ಕೃತಿಯನ್ನು ಇಂಗ್ಲಿಷಿಗೆ ತಂದ ಜಾನ್ ಬ್ರಿಗ್ಸ್, 1812ರಲ್ಲಿ ಬ್ರಿಟಿಷ್ ಪಡೆಯೊಂದು ತನ್ನ ಭಾರಿ ಫಿರಂಗಿಗಳನ್ನು ಬಿಚ್ಚದೆಯೇ ಬುಟ್ಟಿದೋಣಿಗಳಲ್ಲಿ ತುಂಗಭದ್ರೆಯ ಆಚೆಗೆ ಸಾಗಿಸಿತೆಂದು ಟಿಪ್ಪಣಿ ಹಾಕಿದ್ದಾನೆ.

ಹರಿಗೋಲು ನಮ್ಮೊಬ್ಬರ ಸೊತ್ತೂ ಅಲ್ಲ. ಯೂಫ್ರೆಟಿಸ್ ನದಿಯಲ್ಲಿ ಬ್ಯಾಬಿಲೋನಿಗೆ ಬರುತ್ತಿದ್ದ ದುಂಡು ದೋಣಿಗಳನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಎರಡೂವರೆ ಸಾವಿರ ವರ್ಷಗಳ ಹಿಂದೆ ವಿವರಿಸಿದ್ದಾನೆ. ಪ್ರತಿ ದೋಣಿಯಲ್ಲೂ ಸರಕಿನ ಜೊತೆಗೆ ಒಂದು ಕತ್ತೆ ಇರುತ್ತಿತ್ತಂತೆ. ಊರು ಮುಟ್ಟಿ ಸರಕು ಮಾರಿದ ಮೇಲೆ ದೋಣಿಯ ಕಟ್ಟನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿ ವ್ಯಾಪಾರಿ ನಡೆದೇ ಊರಿಗೆ ಮರಳುತ್ತಿದ್ದ. ಸೆಳವಿನ ವಿರುದ್ಧ ದುಂಡು ದೋಣಿ ಸಾಗದೆಂಬುದೇ ಕಾರಣ. ನಮ್ಮ ಅಂಬಿಗನ ಬೆನ್ನು ಮಾಡುವ ಕೆಲಸವನ್ನು ಅಲ್ಲಿ ಕತ್ತೆ ಮಾಡುತ್ತಿತ್ತು, ಅಷ್ಟೆ.

ಕನ್ನಡಿಗರ ಮನಸ್ಸಿನಲ್ಲಿಯೂ ಹರಿಗೋಲಿಗೆ ಗಟ್ಟಿಯಾದ ಜಾಗವಿದೆ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಹೆಸರಿನಲ್ಲಿಯೇ ಅವನ ಕಾಯಕವಿದೆ. ಪುರಂದರದಾಸರು ಒಂದು ಪದದಲ್ಲಿ ದೇಹವನ್ನು ಒಂಬತ್ತು ತೂತಿನ ಹರಿಗೋಲಿಗೆ ಹೋಲಿಸಿ ದೇವರನ್ನೇ ಅಂಬಿಗನೆಂದು ಕರೆದರು. ಹರಿಗೋಲು ನಂಬಿಕೆಗೂ ಭಯಕ್ಕೂ ಒಟ್ಟಿಗೆ ರೂಪಕವಾದುದು ಸುಮ್ಮನೆ ಅಲ್ಲ. ಹೊಳೆ ದಾಟುವವನಿಗೆ ಎರಡೂ ಗೊತ್ತು.

ಹಾಗಾದರೆ ಯಂತ್ರದ ದೋಣಿಗೆ ಬೆಲೆಯಿಲ್ಲವೇ? ಖಂಡಿತ ಇದೆ. ಲಿಂಗಸುಗೂರಿನ ಪಕ್ಕದಲ್ಲಿಯೇ, ಜಲದುರ್ಗಕ್ಕಿಂತ ಮೇಲೆ, ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಸಿದ್ಧವಾಯಿತು. ಅದರ ಹಿಂದೆ ನಿಂತ ನೀರಿನಲ್ಲಿ ಆಳವಿದೆ, ಅಗಲವಿದೆ. ಗಾಳಿ ಎದ್ದರೆ ಅಲೆಯೂ ಏಳುತ್ತದೆ. ಅಂಥಲ್ಲಿ ಒಂದು ಹುಟ್ಟಿನ ಹರಿಗೋಲು ದಿಕ್ಕು ತಪ್ಪಬಹುದು. ದಡ ದೂರ, ತೋಳಿನ ಬಲ ಅಲ್ಪ. ಏಣುಳ್ಳ ಯಂತ್ರದ ದೋಣಿ ಅಲೆಯನ್ನು ಎದುರಿಸಿ ಹೊತ್ತಿಗೆ ಸರಿಯಾಗಿ ಮರಳುತ್ತದೆ. ಅದೇ ದೋಣಿಯನ್ನು ಅಣೆಕಟ್ಟಿನ ಕೆಳಗಿನ ಬಂಡೆಗಳ ನಡುವೆ ಇಳಿಸಿದರೆ ಮೊದಲು ಮುರಿಯುವುದು ಅದರ ಚಕ್ರದ ರೆಕ್ಕೆ. ಆಮೇಲೆ ಅದು ದಿಕ್ಕಿಲ್ಲದ ಮರದ ತುಂಡು. ಆದ್ದರಿಂದ ದೋಣಿಗಳಲ್ಲಿ ಮೇಲುಕೀಳನ್ನು ನಿರ್ಧರಿಸುವುದು ದೋಣಿಯಲ್ಲ, ನೀರು.

ಎರಡಕ್ಕೂ ಸಮಾನವಾದ ಶತ್ರು ಒಂದಿದೆ. ಅದು ಮನುಷ್ಯನ ಉಡಾಫೆ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಗೆ ಹೋಗಿ ಮರಳುತ್ತಿದ್ದ ಯಂತ್ರದ ದೋಣಿ ಕಡಲಿನಲ್ಲಿ ಮಗುಚಿ 16 ಮಂದಿ ಸತ್ತರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರು. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕುಲ ನಡುಗಡ್ಡೆಗೆ ತುಂಬಿದ ಕೃಷ್ಣೆಯಲ್ಲಿ ಹೊರಟಿದ್ದ ಹರಿಗೋಲು ಮಗುಚಿ ನಾಲ್ವರು ನೀರುಪಾಲಾದರು. ಒಂದಕ್ಕೆ ಯಂತ್ರವಿತ್ತು, ಇನ್ನೊಂದಕ್ಕೆ ಹುಟ್ಟು. ಯಾವುದೂ ಕಾಯಲಿಲ್ಲ. ದುಂಡು ಹರಿಗೋಲು ಬರಿದಾಗಿದ್ದಾಗ ಮಗುಚುವುದು ಅಪರೂಪ. ಆದರೆ ಹೆಚ್ಚಿನ ಭಾರ ಬಿದ್ದು ಅಂಚು ನೀರಿಗೆ ಸಮನಾದರೆ, ಒಬ್ಬನು ಎದ್ದು ನಿಂತರೂ ಸಾಕು, ನೀರು ಒಳನುಗ್ಗುತ್ತದೆ.

ಕಾಯ್ದೆಯೂ ಈ ಮಾತನ್ನು ತಡವಾಗಿ ಗುರುತಿಸಿತು. 1917ರ ಒಳನಾಡು ಹಡಗುಗಳ ಕಾಯ್ದೆ ಹುಟ್ಟಿದ್ದೇ ಉಗಿಯಂತ್ರದ ದೋಣಿಗಳಿಗಾಗಿ. ಹುಟ್ಟು ಹಾಕುವ ಹರಿಗೋಲು ಅದರ ಲೆಕ್ಕದಲ್ಲಿರಲಿಲ್ಲ. ಅದರ ಬದಲಿಗೆ ಬಂದ 2021ರ ಕಾಯ್ದೆಯಲ್ಲಿ ಯಂತ್ರವಿಲ್ಲದ ದೋಣಿಗಳಿಗೂ ಪ್ರತ್ಯೇಕ ಅಧ್ಯಾಯವಿದೆ. ಆದರೆ ದಡದ ಮೇಲೆ ಜೀವರಕ್ಷಕ ಅಂಗಿ ಇಲ್ಲದಿದ್ದರೆ ಕಾಗದದ ಮೇಲಿನ ಅಧ್ಯಾಯದಿಂದ ಪ್ರಯೋಜನವೇನು?

ವಿಹಾರಕ್ಕೆ ಹೊರಟ ಕುಟುಂಬ ಕೇಳಬೇಕಾದ ಪ್ರಶ್ನೆಗಳು ಕೆಲವೇ. ನೀರು ನಿಂತದ್ದೋ, ಹರಿಯುವುದೋ? ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಯೇ? ಈ ದೋಣಿಗೆ ಎಷ್ಟು ಜನ? ಪ್ರತಿಯೊಬ್ಬರಿಗೂ, ವಿಶೇಷವಾಗಿ ಮಕ್ಕಳಿಗೆ, ಅಳತೆಗೆ ತಕ್ಕ ಜೀವರಕ್ಷಕ ಅಂಗಿ ಇದೆಯೇ? ಅಂಬಿಗ ಈ ಹೊಳೆಯವನೇ? ಕೊನೆಯ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಯಾವ ಬಂಡೆ ಯಾವ ತಿಂಗಳಿನಲ್ಲಿ ಮುಳುಗುತ್ತದೆ, ಎಲ್ಲಿ ಸುಳಿ ಏಳುತ್ತದೆ ಎಂಬುದು ಅವನ ತಲೆಯಲ್ಲಿ ಮಾತ್ರ ಬರೆದಿರುತ್ತದೆ. ಅವನು ‘ಇವತ್ತು ಬ್ಯಾಡ್ರಿ’ ಎಂದರೆ ಬೇಡವೆಂದೇ ಅರ್ಥ.

ಹಾಗೆ ಬೇಡವೆಂದು ಹಿಂದಿರುಗುವ ಅನುಕೂಲ ನಡುಗಡ್ಡೆಯವರಿಗಿಲ್ಲ. ನಾರಾಯಣಪುರದ ಗೇಟುಗಳು ತೆರೆದು ಪ್ರವಾಹ ಬಂದಾಗ ಶೀಲಹಳ್ಳಿಯ ಸೇತುವೆ ಮುಳುಗುತ್ತದೆ. 2019ರ ಮಹಾಪೂರದಲ್ಲಿ ಅಣೆಕಟ್ಟಿನಿಂದ ಐದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿದು ಬಂದಿತ್ತು. ಆಗ ಸಂತೆ, ಶಾಲೆ, ಆಸ್ಪತ್ರೆ ಎಲ್ಲವೂ ಆಚೆ ದಡದಲ್ಲಿ ಉಳಿದುಬಿಡುತ್ತವೆ. ಪಟ್ಟಣದವರಿಗೆ ಭಾನುವಾರದ ಮೋಜಾದ ಹರಿಗೋಲು ಅವರಿಗೆ ರಸ್ತೆ. ಎತ್ತರದ ಸೇತುವೆ ಎಲ್ಲೆಡೆ ಬರುವವರೆಗೂ ಅದು ರಸ್ತೆಯಾಗಿಯೇ ಇರುತ್ತದೆ. ರಸ್ತೆಗೆ ಸಲ್ಲುವ ಕಾಳಜಿ ಅದಕ್ಕೂ ಸಲ್ಲಬೇಕು.