ಎರಡು ಆಸ್ಥಾನಗಳು, ಒಂದು ಸಿಂಹಾಸನ

ಜಪಾನಿನ ಚಕ್ರವರ್ತಿ ಗೋ-ಸಾಗಾ ಹಿರಿಯ ಮಗ ಗೋ-ಫುಕಾಕುಸಾನನ್ನು ಪಟ್ಟದಿಂದಿಳಿಸಿ ಕಿರಿಯ ಮಗ ಕಾಮೆಯಾಮಾನಿಗೆ ಪಟ್ಟಗಟ್ಟಿಸಿದನು. ಮುಂದಿನ ಉತ್ತರಾಧಿಕಾರವನ್ನು ಸ್ಪಷ್ಟಪಡಿಸದೆಯೇ 1272ರಲ್ಲಿ ನಿಧನನಾದನು. ಅಣ್ಣನ ಸಂತತಿ ಜಿಮ್ಯೋಇನ್ ಶಾಖೆಯೆಂದೂ ತಮ್ಮನದು ದೈಕಾಕುಜಿ ಶಾಖೆಯೆಂದೂ ಹೆಸರಾದವು. ಎರಡೂ ಸರದಿಯಂತೆ ಪಟ್ಟವೇರುವ ಏರ್ಪಾಡಿಗೆ ಕಾಮಾಕುರಾದ ಸೇನಾಡಳಿತ ಮಧ್ಯಸ್ಥಿಕೆ ವಹಿಸಿತಾದರೂ ದಾಯಾದಿ ಮತ್ಸರ ಶಮನವಾಗಲಿಲ್ಲ.

ದೈಕಾಕುಜಿ ಶಾಖೆಯ ಗೋ-ದೈಗೋ ಈ ಸರದಿಯನ್ನು ಒಪ್ಪಲಿಲ್ಲ. 1333ರಲ್ಲಿ ಕಾಮಾಕುರಾ ಪತನವಾಗಿ ಅಧಿಕಾರವು ಅವನ ಕೈಸೇರಿತು. ಆದರೆ ಅದಕ್ಕೆ ನೆರವಾಗಿದ್ದ ಸೇನಾನಿ ಆಶಿಕಾಗಾ ತಕಾವುಜಿಯೇ ತಿರುಗಿಬಿದ್ದು, 1336ರಲ್ಲಿ ಕ್ಯೋಟೋದಲ್ಲಿ ಜಿಮ್ಯೋಇನ್ ಶಾಖೆಯ ಕೋಮ್ಯೋನನ್ನು ಪಟ್ಟಕ್ಕೇರಿಸಿದನು. ಗೋ-ದೈಗೋ ದಕ್ಷಿಣದ ಯೋಶಿನೋ ಬೆಟ್ಟಗಳನ್ನು ಸೇರಿ, ತಾನು ಒಪ್ಪಿಸಿದ್ದ ರಾಜಚಿಹ್ನೆಗಳು ನಕಲಿಯೆಂದೂ ನಿಜವಾದ ಕನ್ನಡಿ, ಖಡ್ಗ, ಮಣಿಗಳು ತನ್ನಲ್ಲಿಯೇ ಇವೆಯೆಂದೂ ಸಾರಿದನು. ಅವನ ಪಕ್ಷವನ್ನು ಸಮರ್ಥಿಸಿ ಕಿತಾಬಾತಾಕೆ ಚಿಕಾಫುಸಾ 1339ರಲ್ಲಿ ‘ಜಿನ್ನೋ ಶೋತೋಕಿ’ ಎಂಬ ಇತಿಹಾಸಗ್ರಂಥವನ್ನು ರಚಿಸಿದನು.

1392ರಲ್ಲಿ ದಕ್ಷಿಣದ ಗೋ-ಕಾಮೆಯಾಮಾ, ಸರದಿಯ ಪದ್ಧತಿ ಮರಳುವುದೆಂಬ ಭರವಸೆಯ ಮೇಲೆ, ರಾಜಚಿಹ್ನೆಗಳನ್ನು ಉತ್ತರದ ಗೋ-ಕೊಮಾತ್ಸುವಿಗೆ ಒಪ್ಪಿಸಿದನು. ಆ ಮಾತು ನಡೆಯಲಿಲ್ಲ. ಪಟ್ಟವು ಉತ್ತರ ಶಾಖೆಯಲ್ಲಿಯೇ ಉಳಿಯಿತು.

ಆದರೂ 1911ರಲ್ಲಿ, ಮೇಜಿ ಚಕ್ರವರ್ತಿಯ ಕಾಲದಲ್ಲಿ, ದಕ್ಷಿಣದ ಆಸ್ಥಾನವೇ ನ್ಯಾಯಸಮ್ಮತವೆಂದು ಅಧಿಕೃತವಾಗಿ ನಿರ್ಣಯವಾಯಿತು. ಮೇಜಿಯಾದರೋ ಉತ್ತರ ಶಾಖೆಯ ವಂಶಜ. ಹೀಗೆ ಗೆದ್ದವರ ಸಂತತಿಯೇ ಐದು ಶತಮಾನಗಳ ಬಳಿಕ ಸೋತವರ ಪಕ್ಷಕ್ಕೆ ಮನ್ನಣೆ ನೀಡಿತು.