ತಂತ್ರಾಂಶದ ಬಿಲ್ಡ್ ಸಂರಚನೆ: ಇತಿಹಾಸ

ಒಂದೇ ಸೋರ್ಸ್ ಕೋಡನ್ನು ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಓಡುವ ಪ್ರೋಗ್ರಾಮ್ ಆಗಿ ಕಟ್ಟುವಾಗ ಹತ್ತಾರು ನಿರ್ಧಾರಗಳನ್ನು ಮಾಡಬೇಕಾಗುತ್ತದೆ. ಕಂಪೈಲರ್ ಯಾವುದು, ಬೇಕಾದ ಲೈಬ್ರರಿ ಎಲ್ಲಿದೆ, ಈ ವ್ಯವಸ್ಥೆಯಲ್ಲಿ ಇಂಥ ಫಂಕ್ಷನ್ ಇದೆಯೇ, ಇಲ್ಲದಿದ್ದರೆ ಬದಲಿಗೆ ಏನು? ಈ ಪ್ರಶ್ನೆಗಳಿಗೆ ತಾನೇ ಉತ್ತರ ಹುಡುಕಿಕೊಂಡು ಕಟ್ಟುವ ಕೆಲಸವನ್ನು ಅಣಿಗೊಳಿಸುವ ಏರ್ಪಾಡಿಗೆ ಬಿಲ್ಡ್ ಸಂರಚನೆ ಎನ್ನುತ್ತಾರೆ. ಇದರ ಚರಿತ್ರೆ ಯೂನಿಕ್ಸ್ ಜಗತ್ತಿನಲ್ಲಿ ಶುರುವಾಗುತ್ತದೆ. ಬಹುಮಟ್ಟಿಗೆ ಸಿ ಭಾಷೆಯ ಪ್ರೋಗ್ರಾಮುಗಳ ಸುತ್ತಲೇ ಬೆಳೆದಿದೆ.

ಮೊದಲ ಹೆಜ್ಜೆ ಮೇಕ್. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಇದನ್ನು ಬರೆದರು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಒಂದಿಡೀ ಬೆಳಗು ಕಳೆದಿದ್ದರು. ತಪ್ಪನ್ನು ತಿದ್ದಿದ್ದರು, ಆದರೆ ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ. ಫೆಲ್ಡ್‌ಮನ್ನರಿಗೂ ಹಿಂದಿನ ಸಂಜೆ ಅದೇ ಪಾಡಾಗಿತ್ತು. ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂದು ಬರೆದಿಟ್ಟರೆ, ಬದಲಾದದ್ದನ್ನಷ್ಟೇ ಹುಡುಕಿ ಮೇಕ್ ಹೊಸದಾಗಿ ಕಂಪೈಲ್ ಮಾಡಿಸುತ್ತದೆ. ಮೇಕ್‌ಫೈಲಿನಲ್ಲಿ ಆದೇಶದ ಸಾಲು ಟ್ಯಾಬ್‌ನಿಂದಲೇ ಆರಂಭವಾಗಬೇಕೆಂಬ ಕುಖ್ಯಾತ ನಿಯಮವೂ ಆಗಿನದೇ. ಬದಲಾಯಿಸೋಣವೆಂದು ಅನ್ನಿಸುವಷ್ಟರಲ್ಲಿ ಹತ್ತು ಹನ್ನೆರಡು ಮಂದಿ ಬಳಕೆದಾರರಿದ್ದರು, ಅವರಿಗೆ ತೊಂದರೆ ಕೊಡುವುದು ಬೇಡವೆಂದು ಬಿಟ್ಟೆ ಎಂದು ಫೆಲ್ಡ್‌ಮನ್ ಹೇಳಿದ್ದಾರೆ. ಆ ಕೆಲವರ ಅನುಕೂಲಕ್ಕಾಗಿ ಮುಂದಿನ ತಲೆಮಾರುಗಳೆಲ್ಲ ತೆತ್ತ ಬೆಲೆ ಸಣ್ಣದಲ್ಲ. 2003ರಲ್ಲಿ ಮೇಕ್‌ಗೆ ಎಸಿಎಂ ಸಂಸ್ಥೆಯ ತಂತ್ರಾಂಶ ವ್ಯವಸ್ಥೆ ಪ್ರಶಸ್ತಿ ಸಂದಿತು.

ಏನನ್ನು ಮತ್ತೆ ಕಟ್ಟಬೇಕೆಂದು ಮೇಕ್‌ಗೆ ತಿಳಿಯುತ್ತಿತ್ತು. ತಾನು ಯಾವ ಊರಿನಲ್ಲಿದ್ದೇನೆ ಎಂಬುದು ತಿಳಿಯುತ್ತಿರಲಿಲ್ಲ. 1980ರ ದಶಕದಲ್ಲಿ ಯೂನಿಕ್ಸ್ ಕವಲೊಡೆದು ಬರ್ಕ್‌ಲಿಯ ಬಿಎಸ್‌ಡಿ, ಎಟಿ ಅಂಡ್ ಟಿಯ ಸಿಸ್ಟಮ್ ಫೈವ್, ಸನ್ ಓಎಸ್, ಎಚ್‌ಪಿ ಯುಎಕ್ಸ್, ಎಐಎಕ್ಸ್, ಅಲ್ಟ್ರಿಕ್ಸ್ ಎಂದು ಹರಡಿದಾಗ ತೊಡಕು ಹೆಚ್ಚಿತು. ಮೆಮೊರಿಯ ಒಂದು ತುಣುಕನ್ನು ನಕಲಿಸಲು ಬಿಎಸ್‌ಡಿಯಲ್ಲಿ ಬಿಕಾಪಿ, ಸಿಸ್ಟಮ್ ಫೈವ್‌ನಲ್ಲಿ ಮೆಮ್‌ಕಾಪಿ. ಹೆಸರು ಬೇರೆಯಾದದ್ದು ಸಾಲದೆಂಬಂತೆ ಎರಡರಲ್ಲೂ ಆರ್ಗ್ಯುಮೆಂಟುಗಳ ಕ್ರಮವೂ ತಿರುವುಮುರುವು. ಪ್ರೋಗ್ರಾಮರುಗಳು ಕೋಡಿನ ತುಂಬ ‘ಇದು ಸನ್ ಆಗಿದ್ದರೆ ಹೀಗೆ, ಅಲ್ಟ್ರಿಕ್ಸ್ ಆಗಿದ್ದರೆ ಹಾಗೆ’ ಎಂಬ ಷರತ್ತುಗಳನ್ನು ತುರುಕಿದರು. ವ್ಯವಸ್ಥೆಯ ಹೆಸರು ಕೇಳಿ ಗುಣ ಊಹಿಸುವ ಈ ಪದ್ಧತಿಯ ದೋಷ ಸ್ಪಷ್ಟವಾಗಿತ್ತು. ಹೊಸ ವ್ಯವಸ್ಥೆ ಬಂದ ದಿನ ಪಟ್ಟಿ ಹಳತಾಗುತ್ತಿತ್ತು, ಇದ್ದ ವ್ಯವಸ್ಥೆಯ ಹೊಸ ಆವೃತ್ತಿ ಬಂದರೆ ಪಟ್ಟಿ ಸುಳ್ಳಾಗುತ್ತಿತ್ತು.

ಎಕ್ಸ್ ವಿಂಡೋ ವ್ಯವಸ್ಥೆಗೆಂದು ಟಾಡ್ ಬ್ರನ್‌ಹಾಫ್ ಬರೆದ ಐಮೇಕ್, ಹೆಸರು ಕೇಳಿ ಊಹಿಸುವ ಈ ಪದ್ಧತಿಯನ್ನೇ ಅಚ್ಚುಕಟ್ಟು ಮಾಡಿತು. ಪ್ರತಿ ವ್ಯವಸ್ಥೆಗೂ ಒಂದು ವಿವರಣೆಯ ಕಡತ ಇಟ್ಟು, ಸಿ ಪ್ರಿಪ್ರೊಸೆಸರ್ ಮೂಲಕ ಮೇಕ್‌ಫೈಲ್ ಹುಟ್ಟಿಸುವುದು ಅದರ ಕ್ರಮ. ಇನ್ನೊಂದು ದಾರಿಯನ್ನು ಲ್ಯಾರಿ ವಾಲ್ ಹಿಡಿದರು. 1980ರ ದಶಕದ ಮಧ್ಯದಲ್ಲಿ ಅವರ ಆರ್‌ಎನ್ ಎಂಬ ಸುದ್ದಿವಾಚಕ ಪ್ರೋಗ್ರಾಮಿನ ಜೊತೆಗೆ, ಆಮೇಲೆ 1987ರಲ್ಲಿ ಪರ್ಲ್ ಭಾಷೆಯ ಜೊತೆಗೆ ಬಂದ ಕಾನ್ಫಿಗರ್ ಎಂಬ ಸ್ಕ್ರಿಪ್ಟ್ ವ್ಯವಸ್ಥೆಯನ್ನು ತಾನೇ ತಡಕಿ ನೋಡುತ್ತಿತ್ತು, ತಿಳಿಯದ್ದನ್ನು ಬಳಕೆದಾರರನ್ನು ಕೇಳುತ್ತಿತ್ತು. ವಿಎಂಎಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೇಲೆ ಯೂನಿಕ್ಸ್‌ನ ವೇಷ ಹಾಕುತ್ತಿದ್ದ ಯೂನಿಸ್ ಎಂಬ ತಂತ್ರಾಂಶ ಕಾಣದಿದ್ದರೆ ಅದಕ್ಕಾಗಿ ಅಭಿನಂದಿಸುತ್ತಲೂ ಇತ್ತು. ಬಿಲ್ಡ್ ಸಾಧನಗಳಲ್ಲಿ ಹಾಸ್ಯ ಅಪರೂಪ, ಇದು ಅಂಥ ಅಪರೂಪಗಳಲ್ಲಿ ಒಂದು.

ತಡಕಿ ನೋಡುವ ಈ ಪದ್ಧತಿ ಎಲ್ಲರ ಕೈಗೂ ಸಿಕ್ಕಿದ್ದು ಆಟೋಕಾನ್ಫ್‌ನಿಂದ. 1991ರ ಜೂನ್‌ನಲ್ಲಿ ಡೇವಿಡ್ ಮೆಕೆಂಜಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗಾಗಿ ಗ್ನೂ ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದರು. ಬಳಕೆದಾರರು ಮೇಕ್‌ಫೈಲಿನಲ್ಲಿ ಕೈಯಾರೆ ಆರಿಸಬೇಕಾದ ಆಯ್ಕೆಗಳು ಇಪ್ಪತ್ತರ ಹತ್ತಿರ ಬಂದಿದ್ದವು. ಅವುಗಳನ್ನು ಊಹಿಸಲು ಒಂದು ಶೆಲ್ ಸ್ಕ್ರಿಪ್ಟ್ ಬರೆದರು. ಅಂಥ ಸ್ಕ್ರಿಪ್ಟುಗಳನ್ನು ಪ್ರತಿ ಪ್ರೋಗ್ರಾಮಿಗೂ ಪ್ರತ್ಯೇಕ ಬರೆಯುವುದು ಬೇಸರವಾಗಿ, ಎಂ4 ಎಂಬ ಮ್ಯಾಕ್ರೋ ಭಾಷೆಯಿಂದ ಅವನ್ನು ಹುಟ್ಟಿಸುವ ಸಾಧನ ಮಾಡಿದರು.

ಅನ್ನ ಬೆಂದಿದೆಯೇ ಎಂದು ಒಂದಗುಳು ಹಿಸುಕಿ ನೋಡುವ ಹಾಗೆ, ಆಟೋಕಾನ್ಫ್ ಹುಟ್ಟಿಸಿದ ಸ್ಕ್ರಿಪ್ಟ್ ನಾಲ್ಕಾರು ಸಾಲಿನ ಪುಟ್ಟ ಸಿ ಪ್ರೋಗ್ರಾಮನ್ನು ಬರೆದು ಕಂಪೈಲ್ ಮಾಡಿ ನೋಡುತ್ತದೆ. ಕಂಪೈಲ್ ಆದರೆ ಆ ಫಂಕ್ಷನ್ ಇದೆ, ಆಗದಿದ್ದರೆ ಇಲ್ಲ. ವ್ಯವಸ್ಥೆಯ ಹೆಸರೇನು ಎಂಬ ಗೊಡವೆಯೇ ಇಲ್ಲ. ಈ ಕ್ಷೇತ್ರದ ಐವತ್ತು ವರ್ಷಗಳಲ್ಲಿ ಹುಟ್ಟಿದ ಅತಿ ಮುಖ್ಯ ಕಲ್ಪನೆ ಇದೇ. ಇನ್ನೊಂದು ಜಾಣತನವೂ ಇತ್ತು: ಆಟೋಕಾನ್ಫ್ ಬೇಕಾದದ್ದು ತಂತ್ರಾಂಶ ಬರೆದವರಿಗೆ ಮಾತ್ರ. ಕಟ್ಟಿಕೊಳ್ಳುವವರಿಗೆ ಒಂದು ಶೆಲ್, ಒಂದು ಕಂಪೈಲರ್, ಒಂದು ಮೇಕ್ ಇದ್ದರೆ ಸಾಕು. ‘ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್’ ಎಂಬ ಮೂರು ಆದೇಶಗಳನ್ನು ಒಂದು ತಲೆಮಾರಿನ ಲಿನಕ್ಸ್ ಬಳಕೆದಾರರು ಕಂಠಪಾಠ ಮಾಡಿಕೊಂಡರು. ಮೇಕ್‌ಫೈಲ್ ಬರೆಯುವ ಶ್ರಮ ಕಳೆಯಲು ಆಟೋಮೇಕ್, ಹಂಚಿಕೊಳ್ಳುವ ಲೈಬ್ರರಿಗಳ ಭೇದಗಳನ್ನು ಮುಚ್ಚಲು ಲಿಬ್‌ಟೂಲ್ ಸೇರಿ, ಮೂರಕ್ಕೂ ಆಟೋಟೂಲ್ಸ್ ಎಂಬ ಒಟ್ಟು ಹೆಸರು ಬಂತು.

ಅತಿ ಹಳೆಯ ಶೆಲ್‌ನಲ್ಲೂ ಓಡಬೇಕೆಂಬ ಹಟದಿಂದ ಈ ಸ್ಕ್ರಿಪ್ಟುಗಳು ಬಹುಕಾಲ ಶೆಲ್ ಫಂಕ್ಷನ್‌ಗಳನ್ನು ಕೂಡ ಬಳಸಲಿಲ್ಲ. ಸಾವಿರಾರು ಸಾಲು ಉದ್ದವಾದ ಅವನ್ನು ಓದುವವರು ಯಾರೂ ಇರಲಿಲ್ಲ. ಬೇರೊಂದು ಜಾತಿಯ ಯಂತ್ರಕ್ಕಾಗಿ ಕಂಪೈಲ್ ಮಾಡುವಾಗ ಪರೀಕ್ಷೆಯ ಪ್ರೋಗ್ರಾಮನ್ನು ಓಡಿಸಿ ನೋಡುವಂತಿಲ್ಲ, ಅಲ್ಲಿ ಮತ್ತೆ ಊಹೆಯೇ ಗತಿ. ವಿಂಡೋಸ್‌ನಲ್ಲಂತೂ ಯೂನಿಕ್ಸ್ ಶೆಲ್ಲೇ ಇರಲಿಲ್ಲ. ಆಟೋಕಾನ್ಫ್‌ನ 2.69ನೇ ಆವೃತ್ತಿ 2012ರಲ್ಲಿ ಬಂದ ಮೇಲೆ 2.70 ಬರಲು 2020ರವರೆಗೆ ಕಾಯಬೇಕಾಯಿತು.

ವಿಂಡೋಸ್‌ನ ಕೊರತೆ ತುಂಬಿದ್ದು ಸಿಮೇಕ್. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಧನಸಹಾಯದಿಂದ ನಡೆಯುತ್ತಿದ್ದ ವೈದ್ಯಕೀಯ ಚಿತ್ರ ಸಂಸ್ಕರಣೆಯ ಐಟಿಕೆ ಯೋಜನೆಗೆ ಯೂನಿಕ್ಸ್, ವಿಂಡೋಸ್ ಎರಡರಲ್ಲೂ ಕಟ್ಟಬಲ್ಲ ಸಾಧನ ಬೇಕಿತ್ತು. ಕಿಟ್‌ವೇರ್ ಕಂಪನಿಯಲ್ಲಿ ಬಿಲ್ ಹಾಫ್‌ಮನ್ ಮೊದಲಾದವರು 1999ರ ಸುಮಾರಿಗೆ ಕೆಲಸ ಆರಂಭಿಸಿದರು. ಸಿಮೇಕ್ ತಾನೇ ಏನನ್ನೂ ಕಟ್ಟುವುದಿಲ್ಲ. ಯೂನಿಕ್ಸ್‌ನಲ್ಲಿ ಮೇಕ್‌ಫೈಲ್, ವಿಂಡೋಸ್‌ನಲ್ಲಿ ವಿಶುವಲ್ ಸ್ಟುಡಿಯೋ ಕಡತ ಬರೆದುಕೊಡುತ್ತದೆ. 2006ರಲ್ಲಿ ಕೆಡಿಇ ಎಂಬ ಡೆಸ್ಕ್‌ಟಾಪ್ ಯೋಜನೆಯ ತಂಡ ತನ್ನ ನಾಲ್ಕನೆಯ ಆವೃತ್ತಿಗಾಗಿ ಆಟೋಟೂಲ್ಸ್ ಬಿಟ್ಟು, ಮೊದಲು ಎಸ್‌ಕಾನ್ಸ್ ಎಂಬ ಇನ್ನೊಂದು ಸಾಧನ ಪ್ರಯತ್ನಿಸಿ, ಕೊನೆಗೆ ಸಿಮೇಕ್‌ಗೆ ಬಂದದ್ದು ಅದರ ಭಾಗ್ಯದ ಬಾಗಿಲು ತೆರೆಯಿತು. ಸಿಮೇಕ್‌ನ ಭಾಷೆಯನ್ನು ಹೊಗಳುವವರು ಸಿಗುವುದು ಕಷ್ಟ. ಆದರೂ ಇಂದು ಸಿ++ ಯೋಜನೆಗಳಲ್ಲಿ ಅದರದೇ ರಾಜ್ಯಭಾರ.

ಆಮೇಲಿನ ಸಾಧನಗಳು ಹಲವು. ಗೂಗಲ್‌ನಲ್ಲಿ ಕ್ರೋಮ್ ಬೇಗ ಕಟ್ಟಲೆಂದು ಇವಾನ್ ಮಾರ್ಟಿನ್ ಬರೆದ ನಿಂಜಾ, ಯುಸ್ಸಿ ಪಕ್ಕಾನೆನ್ 2013ರಲ್ಲಿ ಹೊರತಂದ ಮೆಸನ್ ಇವುಗಳಲ್ಲಿ ಹೆಸರಿಸಬೇಕಾದವು. ಬಳಕೆದಾರರು ತಮ್ಮದೇ ಫಂಕ್ಷನ್ ಬರೆಯದಂತೆ ಮೆಸನ್ ಬೇಕೆಂದೇ ತಡೆಯುತ್ತದೆ, ಬಿಲ್ಡ್ ಕಡತ ಓದುವ ಹಾಗೆ ಉಳಿಯಲೆಂದು. 2005ರಲ್ಲಿ ಐಮೇಕ್ ಬಿಟ್ಟು ಆಟೋಟೂಲ್ಸ್ ಹಿಡಿದಿದ್ದ ಎಕ್ಸ್‌ ಯೋಜನೆಯ ಸರ್ವರ್ 2021ರ ಹೊತ್ತಿಗೆ ಮೆಸನ್‌ಗೆ ಬಂದಿತ್ತು.

ಪ್ರತಿ ಬದಲಾವಣೆಗೂ ಎಲ್ಲ ವ್ಯವಸ್ಥೆಗಳಲ್ಲಿ ಕಟ್ಟಿ ನೋಡುವ ಕೆಲಸವೂ ಕ್ರಮೇಣ ಯಂತ್ರಕ್ಕೆ ಹೋಯಿತು. 2001ರ ಕ್ರೂಸ್‌ಕಂಟ್ರೋಲ್, ಸನ್ ಕಂಪನಿಯಲ್ಲಿ ಕೊಸುಕೆ ಕವಾಗುಚಿ ಬರೆದ ಹಡ್ಸನ್ (2011ರಿಂದ ಜೆಂಕಿನ್ಸ್) ಇದರ ಮೈಲುಗಲ್ಲುಗಳು. ಟ್ರಾವಿಸ್ ಸಿಐ ಎಂಬ ಇಂಥದೇ ಸೇವೆ ಬಂದ ಮೇಲೆ ಯಾವ ವ್ಯವಸ್ಥೆಗಳಲ್ಲಿ ಕಟ್ಟಬೇಕೆಂಬ ಪಟ್ಟಿಯೇ ಕೋಡಿನ ಪಕ್ಕದಲ್ಲಿ ಒಂದು ಕಡತವಾಗಿ ಕೂತಿತು.

ಯಾರೂ ಓದದ ಸ್ಕ್ರಿಪ್ಟುಗಳ ಅಪಾಯ ಬಯಲಾದದ್ದು 2024ರ ಮಾರ್ಚ್ 29ರಂದು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುವುದನ್ನು ಬೆನ್ನಟ್ಟಿದ ಆಂಡ್ರೆಸ್ ಫ್ರಾಯಂಡ್, ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇರುವುದನ್ನು ಪ್ರಕಟಿಸಿದರು. ಅದನ್ನು ತೆರೆಯುವ ಸಾಲುಗಳು ಒಂದು ಎಂ4 ಕಡತದಲ್ಲಿದ್ದವು. ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಆ ಕಡತವಿರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜ್ ತಯಾರಾಗುವಾಗ ಮಾತ್ರ ಅದು ಎಚ್ಚರಗೊಳ್ಳುತ್ತಿತ್ತು. ಅದೇ ಯೋಜನೆಯ ಸಿಮೇಕ್ ಕಡತದಲ್ಲಿ ಇನ್ನೂ ನಯವಾದ ಕೈಚಳಕ. ಲ್ಯಾಂಡ್‌ಲಾಕ್ ಎಂಬ ಲಿನಕ್ಸ್ ರಕ್ಷಣೆ ಇದೆಯೇ ಎಂದು ಪರೀಕ್ಷಿಸುವ ಪುಟ್ಟ ಪ್ರೋಗ್ರಾಮಿನೊಳಗೆ ಒಂಟಿ ಚುಕ್ಕಿಯೊಂದನ್ನು ಇಡಲಾಗಿತ್ತು. ಅದರಿಂದ ಪರೀಕ್ಷೆ ಎಂದೂ ಕಂಪೈಲ್ ಆಗುತ್ತಿರಲಿಲ್ಲ. ಕಂಪೈಲ್ ಆಗದಿದ್ದರೆ ‘ಇಲ್ಲ’ ಎಂದೇ ಅರ್ಥ ಮಾಡಿಕೊಳ್ಳುವ ಬಿಲ್ಡ್ ಸಾಧನ ಸದ್ದಿಲ್ಲದೆ ಆ ರಕ್ಷಣೆಯನ್ನು ಕೈಬಿಡುತ್ತಿತ್ತು. ಮೂಲ ನಿರ್ವಾಹಕ ಲಾಸೆ ಕಾಲಿನ್ ಮರುದಿನವೇ ಆ ಚುಕ್ಕಿಯನ್ನು ತೆಗೆದರು. ಕಳ್ಳಬಾಗಿಲನ್ನು ಕಿತ್ತುಹಾಕಿದ 5.6.2ನೇ ಆವೃತ್ತಿ 2024ರ ಮೇ ತಿಂಗಳಲ್ಲಿ ಬಂತು, ಆಟೋಟೂಲ್ಸ್ ಮತ್ತು ಸಿಮೇಕ್ ಎರಡನ್ನೂ ಉಳಿಸಿಕೊಂಡೇ.