ದಾಖಲೆ ಇಲ್ಲ ಅಂತ ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರ ಆಯ್ತಾ? 60 ದಿನದೊಳಗೆ ಮೇಲ್ಮನವಿ, ವಕೀಲರು ಉಚಿತ

ಚಾಮರಾಜನಗರ: ಅಜ್ಜನ ಕಾಲದಿಂದ ಉಳುತ್ತಿರೋ ಜಮೀನಿಗೆ ಹಕ್ಕು ಕೇಳಿದಾಗ ದಾಖಲೆ ಇಲ್ಲ ಅನ್ನೋ ಕಾರಣಕ್ಕೆ ಅರ್ಜಿ ತಿರಸ್ಕಾರವಾದರೆ ಸೋಲಿಗ, ಜೇನುಕುರುಬ ಕುಟುಂಬಗಳು ಅಲ್ಲಿಗೇ ಕೈಬಿಡಬೇಕಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಾಗದವೊಂದೇ ಸಾಕ್ಷಿ ಅಲ್ಲ.

ಯಾವುದೆಲ್ಲ ಸಾಕ್ಷಿ?

ಕಾಯ್ದೆಯ 13ನೇ ನಿಯಮದ ಪ್ರಕಾರ ಇವೂ ಸಾಕ್ಷಿಗಳೇ:

* ಅರ್ಜಿದಾರರನ್ನು ಬಿಟ್ಟು ಬೇರೆ ಹಿರಿಯರು ಹೇಳಿ ಬರೆಸಿದ ಹೇಳಿಕೆ
* ಹಳೇ ಬಾವಿ, ಸಮಾಧಿ ಜಾಗ, ದೇವರ ಜಾಗ
* ಮನೆ, ಗುಡಿಸಲು, ಜಮೀನಿಗೆ ಹಾಕಿದ ಬದು
* ಕುಟುಂಬದ ವಂಶಾವಳಿ

ಇಂಥ ಒಂದಕ್ಕಿಂತ ಹೆಚ್ಚು ಸಾಕ್ಷಿ ಇರಬೇಕು. ಇಂಥದ್ದೇ ದಾಖಲೆ ಬೇಕು ಅಂತ ಉಪವಿಭಾಗ ಅಥವಾ ಜಿಲ್ಲಾ ಮಟ್ಟದ ಸಮಿತಿ ಪಟ್ಟು ಹಿಡಿಯುವಂತಿಲ್ಲ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಆ ಜಮೀನಿನಲ್ಲಿ ಇದ್ದಿರಬೇಕು. ಗರಿಷ್ಠ ಮಿತಿ 4 ಹೆಕ್ಟೇರ್.

ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹಕ್ಕು ಸಿಗುತ್ತಾ?

ಸಿಗುತ್ತೆ. ಬಿಳಿಗಿರಿರಂಗನಬೆಟ್ಟದ ಸೋಲಿಗರಿಗೆ 2011ರಲ್ಲೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಅರ್ಜಿಯ ಪರಿಶೀಲನೆ ಮುಗಿಯೋ ತನಕ ಅರ್ಜಿದಾರರನ್ನು ಒಕ್ಕಲೆಬ್ಬಿಸುವಂತಿಲ್ಲ.

ತಿರಸ್ಕಾರ ಆದರೆ?

ಕಾರಣ ಏನು ಅಂತ ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು. ಗ್ರಾಮಸಭೆ ತೀರ್ಮಾನದ ವಿರುದ್ಧ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲೂ ಆಗದಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ಎರಡು ಕಡೆಗೂ ಗಡುವು 60 ದಿನ. ಬಾಯಿಮಾತಿನ ಭರವಸೆ ನಂಬಿ ಕೂತರೆ ಈ ಗಡುವು ಕಳೆದುಹೋಗುತ್ತೆ.

ವಕೀಲರ ಫೀಸು ಯಾರು ಕೊಡ್ತಾರೆ?

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪರಿಶಿಷ್ಟ ಪಂಗಡದವರಿಗೆ ವಕೀಲರು ಉಚಿತ. ಆದಾಯದ ಮಿತಿ ಇಲ್ಲ. ಪೊಲೀಸ್ ಕೇಸು, ಅರಣ್ಯ ಇಲಾಖೆ ಕೇಸಿಗೂ ಇದು ಅನ್ವಯ.

ಆದರೆ ವಕೀಲರಿಗೆ ಪೋಡಿನ ಮಾತು, ದೇವರ ಜಾಗದ ಮಹತ್ವ ಗೊತ್ತಿಲ್ಲದಿದ್ದರೆ ಇರೋ ಸಾಕ್ಷಿಯೂ ಕಡತಕ್ಕೆ ಸೇರಲ್ಲ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2015ರಲ್ಲಿ ಬುಡಕಟ್ಟು ಜನರಿಗೆ ಅಂತಲೇ ಪ್ರತ್ಯೇಕ ಯೋಜನೆ ತಂದಿರೋದು ಈ ಅಂತರ ತುಂಬೋಕೆ. ಸಮುದಾಯದ ಯುವಕ, ಯುವತಿಯರೇ ಅರೆ ಕಾನೂನು ಸ್ವಯಂಸೇವಕರಾದರೆ ಹಿರಿಯರು ಹೇಳಿದ್ದು ಹೇಳಿದ ಹಾಗೇ ಬರಹಕ್ಕೆ ಇಳಿಯುತ್ತೆ.

ಎಲ್ಲಿ ಕೇಳಬೇಕು?

ತಾಲ್ಲೂಕು ಕೋರ್ಟ್ ಆವರಣದ ಕಾನೂನು ಸೇವಾ ಸಮಿತಿ, ಜಿಲ್ಲಾ ಕೋರ್ಟ್‌ನಲ್ಲಿರೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು. ಉಚಿತ ಸಹಾಯವಾಣಿ: 15100. ಜಾತಿ ಪ್ರಮಾಣಪತ್ರ, ತಿರಸ್ಕಾರದ ಪತ್ರ ಇದ್ದರೆ ಜೊತೆಗಿರಲಿ. ಅರ್ಜಿ ಬರೆಯೋಕೆ ಬರದಿದ್ದರೆ ಅಲ್ಲೇ ಬಾಯಲ್ಲಿ ಹೇಳಿ ಬರೆಸಬಹುದು.